ಕೊನೆಯ ಮಾತಿಗೆ ಸಾಕ್ಷಿ

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಮೂವತ್ತು ವರ್ಷಕ್ಕೂ ಮಿಕ್ಕಿ ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣ ಮಾಡಿ, ಈಗ ನಿವೃತ್ತರಾಗಿ ಕೂತು ಓದುವ ಕಾಲಕ್ಕೆ ಬಂದಿದ್ದೇವೆ. ಬರೆಯುವ ಕೈ ಒಂದೇ ಆದರೂ ಹೇಳಬೇಕಾದ ಮಾತು ಇಬ್ಬರದೂ ಆದ್ದರಿಂದ ‘ನಾವು’ ಎಂದೇ ಬರೆಯುತ್ತೇವೆ. ಓದುಗರು ಇದನ್ನು ದೊಡ್ಡಸ್ತಿಕೆ ಎಂದು ತಿಳಿಯಬಾರದು.

ಮಗಳು ಆಕ್ಸ್‌ಫರ್ಡಿನಲ್ಲಿ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಅವಳ ಮನೆಗೆ ಹೋಗಿದ್ದೆವು. ಇಂಗ್ಲೆಂಡಿಗೆ ಹೋಗಿ ಬಂದವರು ಪ್ರವಾಸ ಕಥನ ಬರೆಯದೆ ಬಿಡುವುದಿಲ್ಲ ಎಂದು ಹೆದರಬೇಡಿ. ನಾವು ಹೇಳಹೊರಟಿರುವುದು ಅಲ್ಲಿಯ ಒಂದೇ ಒಂದು ಗೋಪುರದ ವಿಷಯ, ಅದರಿಂದ ನಮಗೆ ಅಂಟಿಕೊಂಡು ಬಂದ ಒಂದು ಚಿಂತೆಯ ವಿಷಯ.

ಆಕ್ಸ್‌ಫರ್ಡಿನ ಹಳೆಯ ಕೋಟೆಯಲ್ಲಿ ಸಂತ ಜಾರ್ಜನ ಗೋಪುರ ಎಂಬುದೊಂದಿದೆ. ಹನ್ನೊಂದನೆಯ ಶತಮಾನದ ಕಲ್ಲು ಕಟ್ಟಡ. ಕೋಟೆ 1996ರವರೆಗೆ ಜೈಲಾಗಿತ್ತು, ಈಗ ಅದರ ಒಂದು ಭಾಗ ಹೋಟೆಲು. ಮಂಡಿನೋವನ್ನು ಲೆಕ್ಕಿಸದೆ ನಾವು ಆ ಗೋಪುರ ಹತ್ತಿದೆವು. ಮೇಲೆ ನಿಂತು ಏದುಸಿರು ಬಿಡುತ್ತಿರುವಾಗ ಮಗಳು, “1142ರ ಡಿಸೆಂಬರಿನಲ್ಲಿ ಈ ಕೋಟೆಯಿಂದ ಒಬ್ಬ ರಾಣಿ ಹಗ್ಗ ಹಿಡಿದು ಇಳಿದು ಓಡಿಹೋದಳಂತೆ” ಎಂದಳು. ಯಾಕೆ ಓಡಿದಳು ಎಂದು ನಾವು ಕೇಳಿದೆವು. ಅಪ್ಪನ ಆಸ್ತಿಯ ಜಗಳ ಎಂದು ಉತ್ತರ ಬಂತು. ಅಷ್ಟರಮಟ್ಟಿಗೆ ನಮಗೂ ಅರ್ಥವಾಗುವ ಚರಿತ್ರೆಯೇ ಅದು!

ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಮಗಳು ಲೈಬ್ರರಿಯಿಂದ ತಂದುಕೊಟ್ಟ ಪುಸ್ತಕಗಳನ್ನು ನಮ್ಮಲ್ಲೊಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಬೀನ್ಸ್ ಹೆಚ್ಚುತ್ತ ಕೇಳುವುದು, ಹೀಗೆ ಒಂದು ತಿಂಗಳು ಕಳೆಯಿತು. ಓದಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಇಂಗ್ಲೆಂಡನ್ನು 1066ರಲ್ಲಿ ಗೆದ್ದ ನಾರ್ಮಂಡಿಯ ವಿಲಿಯಮನ ಮಗ ಮೊದಲನೆಯ ಹೆನ್ರಿ. 1100ರಲ್ಲಿ ಪಟ್ಟಕ್ಕೆ ಬಂದವನು. ಸಮುದ್ರದ ಈಚೆ ಇಂಗ್ಲೆಂಡ್, ಆಚೆ ನಾರ್ಮಂಡಿ, ಎರಡೂ ಅವನ ಕೈಯಲ್ಲಿ. ಹೊರಗಿನ ಸಂಬಂಧಗಳಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರೂ ಧರ್ಮಪತ್ನಿಯಲ್ಲಿ ಹುಟ್ಟಿದ ಗಂಡುಮಗ ಒಬ್ಬನೇ, ವಿಲಿಯಂ. 1120ರ ನವೆಂಬರ್ 25ರ ರಾತ್ರಿ ‘ಶ್ವೇತ ನೌಕೆ’ ಎಂಬ ಹಡಗು ನಾರ್ಮಂಡಿಯ ತೀರದಲ್ಲಿ ಬಂಡೆಗೆ ಬಡಿದು ಮುಳುಗಿತು. ಸುಮಾರು ಮುನ್ನೂರು ಮಂದಿಯಲ್ಲಿ ಹದಿನೇಳರ ಆ ರಾಜಕುಮಾರನೂ ಇದ್ದ. ಬದುಕಿ ಬಂದವನು ಒಬ್ಬನೇ, ರೂವಾನ್ ಊರಿನ ಒಬ್ಬ ಕಸಾಯಿ. ಹಡಗು ಹೊರಡುವ ಮುನ್ನ ಇಳಿದುಹೋದವರಲ್ಲಿ ರಾಜನ ಸೋದರಿಯ ಮಗ ಸ್ಟೀಫನ್ ಒಬ್ಬ. ಹೊಟ್ಟೆ ಕೆಟ್ಟಿದ್ದರಿಂದ ಅವನು ಇಳಿದನೆಂದು ಆ ಕಾಲದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ಒಂದು ಅಜೀರ್ಣ ಒಂದು ರಾಜ್ಯದ ಹಣೆಬರಹವನ್ನು ಹೇಗೆ ತಿದ್ದಬಹುದು ನೋಡಿ.

ಉಳಿದವಳು ಮಗಳು ಮಟಿಲ್ಡಾ. ಎಂಟು ವರ್ಷದವಳಿದ್ದಾಗಲೇ ಜರ್ಮನಿಗೆ ಹೋಗಿ, ಅಲ್ಲಿಯ ಚಕ್ರವರ್ತಿಯನ್ನು ಮದುವೆಯಾಗಿ, 1125ರಲ್ಲಿ ವಿಧವೆಯಾದವಳು. ತಂದೆ ಅವಳನ್ನು ತವರಿಗೆ ಕರೆಸಿಕೊಂಡ. 1127ರ ಆರಂಭದಲ್ಲಿ ಬಿಷಪ್ಪರನ್ನೂ ಪಾಳೆಯಗಾರರನ್ನೂ ಸಭೆ ಸೇರಿಸಿ, ತನ್ನ ನಂತರ ಗಂಡುಮಗ ಇಲ್ಲದಿದ್ದರೆ ಮಗಳೇ ಒಡತಿ ಎಂದು ಒಬ್ಬೊಬ್ಬರಿಂದಲೂ ಪ್ರಮಾಣ ಮಾಡಿಸಿದ. ಮೊದಲು ಪ್ರಮಾಣ ಮಾಡುವ ಗೌರವ ತನಗೇ ಸಲ್ಲಬೇಕೆಂದು ಸೋದರಳಿಯ ಸ್ಟೀಫನನೂ ರಾಜನ ಹೊರಸಂಬಂಧದ ಮಗ ಗ್ಲಾಸ್ಟರಿನ ರಾಬರ್ಟನೂ ಪೈಪೋಟಿ ನಡೆಸಿದರಂತೆ. ಗೆದ್ದವನು ಸ್ಟೀಫನ್. ಮುಂದೆ ಆ ಪ್ರಮಾಣವನ್ನು ಎಲ್ಲರಿಗಿಂತ ಮೊದಲು ಮುರಿದವನೂ ಅವನೇ.

ಪ್ರಮಾಣಕ್ಕೆ ಅಷ್ಟೇನು ಬೆಲೆ ಎಂದು ಇಂದಿನವರು ಕೇಳಬಹುದು. ಆ ಕಾಲದ ಬಾಳು ನಿಂತದ್ದೇ ಪ್ರಮಾಣದ ಮೇಲೆ. ರಾಜ ಪಾಳೆಯಗಾರನಿಗೆ ಭೂಮಿ ಕೊಡುವುದು, ಅವನು ಮಂಡಿಯೂರಿ ರಾಜನ ಕೈಗಳ ನಡುವೆ ತನ್ನ ಕೈಗಳನ್ನಿಟ್ಟು ‘ನಾನು ನಿನ್ನವನು’ ಎನ್ನುವುದು. ಅವನ ಕೈಕೆಳಗಿನ ಯೋಧ ಅವನಿಗೆ ಹಾಗೆಯೇ ನುಡಿ ಕೊಡುವುದು. ಸಂಬಳ ತಿನ್ನುವ ದೊಡ್ಡ ಸೈನ್ಯವಾಗಲಿ ಊರೂರಿನ ಪೊಲೀಸ್ ಠಾಣೆಯಾಗಲಿ ಇಲ್ಲದ ಕಾಲದಲ್ಲಿ ಹಿಡಿದು ನಿಲ್ಲಿಸಿದ್ದು ಮಾತಿನ ಕಟ್ಟು. ಒಂದು ಗಂಟು ಸಡಿಲವಾದರೆ ಇಡೀ ಹೊರೆ ಬಿಚ್ಚಿಕೊಳ್ಳುತ್ತದೆ.

ಹಾಗಿದ್ದೂ ಬಿಚ್ಚಲು ಕಾರಣಗಳಿದ್ದವು. ಹೆಣ್ಣು ಸ್ವತಃ ಸಿಂಹಾಸನವೇರಿ ಆಳಿದ ಪದ್ಧತಿ ಅಲ್ಲಿರಲಿಲ್ಲ. ಸಾಲದುದಕ್ಕೆ 1128ರಲ್ಲಿ ತಂದೆ ಅವಳನ್ನು ಆಂಜೂ ಸೀಮೆಯ ಜೆಫ್ರಿಗೆ ಕೊಟ್ಟ. ಆಂಜೂ ನಾರ್ಮನರ ಹಳೆಯ ಹಗೆ. ಕನ್ನೆಗೆ ಇಪ್ಪತ್ತಾರು, ವರನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ! ವರದಕ್ಷಿಣೆಯಾಗಿ ಒಪ್ಪಿದ್ದ ಕೋಟೆಗಳನ್ನು ಮಾವ ಬಿಟ್ಟುಕೊಡುತ್ತಿಲ್ಲವೆಂದು ಅಳಿಯನ ತಕರಾರು. ಮಾವ ಅಳಿಯ ಮುನಿಸಿಕೊಂಡಿರುವಾಗಲೇ, 1135ರ ಡಿಸೆಂಬರ್ 1ರಂದು, ನಾರ್ಮಂಡಿಯಲ್ಲಿ ಹೆನ್ರಿ ತೀರಿಕೊಂಡ. ವೈದ್ಯರು ಬೇಡವೆಂದಿದ್ದ ಲ್ಯಾಂಪ್ರಿ ಎಂಬ ಮೀನನ್ನು ತಿಂದು ಕಾಯಿಲೆ ಬಿದ್ದನೆಂದು ಹೇಳುತ್ತಾರೆ.

ಸ್ಟೀಫನ್ ಕಾಯಲಿಲ್ಲ. ಕೂಡಲೇ ಹಡಗು ಹತ್ತಿ ಲಂಡನ್ನಿಗೆ ಬಂದ. ವ್ಯಾಪಾರಿಗಳು ಸ್ವಾಗತಿಸಿದರು. ವಿಂಚೆಸ್ಟರಿನಲ್ಲಿ ತಮ್ಮನೇ ಬಿಷಪ್ಪನಾಗಿದ್ದ. ಅವನ ನೆರವಿನಿಂದ ಬೊಕ್ಕಸ ಕೈಗೆ ಸಿಕ್ಕಿತು. ಕ್ರಿಸ್‌ಮಸ್ಸಿನ ವೇಳೆಗೆ, ಅಂದರೆ ಸತ್ತವನ ತಿಂಗಳು ತುಂಬುವುದರೊಳಗೆ, ತಲೆಯ ಮೇಲೆ ಕಿರೀಟ. ಅಡ್ಡಿಯಿದ್ದದ್ದು ಒಂದೇ, ಆ ಪ್ರಮಾಣ. ಪಟ್ಟ ಕಟ್ಟಬೇಕಾದ ಆರ್ಚ್‌ಬಿಷಪ್ಪನೂ ಅದನ್ನು ಮಾಡಿದ್ದವನೇ.

ಆಗ ಮುಂದೆ ಬಂದವನು ಹ್ಯೂ ಬೈಗಾಡ್ ಎಂಬ ಪಾಳೆಯಗಾರ, ಅರಮನೆಯ ಉಗ್ರಾಣಾಧಿಕಾರಿ. “ದೊರೆ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರು, ನಮ್ಮನ್ನೆಲ್ಲ ಪ್ರಮಾಣದಿಂದ ಬಿಡುಗಡೆ ಮಾಡಿದರು” ಎಂದು ಅವನು ಆಣೆಯಿಟ್ಟು ಹೇಳಿದನಂತೆ. ಕೇಳಿದವರಿಗೆ ಹಾಯೆನಿಸಿತು. ಯಾರೂ ಪ್ರಮಾಣ ಮುರಿದಂತಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಈ ವಿಷಯ 1139ರಲ್ಲಿ ರೋಮಿನಲ್ಲಿ ಪೋಪನ ಮುಂದೆ ವಿಚಾರಣೆಗೆ ಬಂತು. ಮಟಿಲ್ಡಾಳ ಪರವಾಗಿ ವಾದಿಸಿದ ಬಿಷಪ್ಪ ಎತ್ತಿದ ಮುಖ್ಯ ಆಕ್ಷೇಪವೆಂದರೆ, ರಾಜ ಪ್ರಾಣ ಬಿಟ್ಟಾಗ ಈ ಹ್ಯೂ ಬೈಗಾಡ್ ಅಲ್ಲಿ ಇರಲೇ ಇಲ್ಲ! ಹಾಸಿಗೆಯ ಬಳಿ ಇದ್ದ ರಾಬರ್ಟನ ಕಡೆಯ ಚರಿತ್ರಕಾರ, ರಾಜ ಮಗಳ ಹೆಸರನ್ನೇ ಹೇಳಿದನೆಂದು ಬರೆದಿದ್ದಾನೆ. ಪೋಪ ಆ ಗಂಟನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ. ಪಟ್ಟವೇರಿದವನು ಪಟ್ಟದಲ್ಲೇ ಉಳಿದ.

ಇಷ್ಟು ಓದಿದ ರಾತ್ರಿ ನಮ್ಮಲ್ಲೊಬ್ಬರು ಪುಸ್ತಕ ಮುಚ್ಚಿದರು. ಇನ್ನೊಬ್ಬರು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿದರು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಮಗಳು ಬಂದು, “ಏನಾಯಿತು, ಊರಿಂದ ಫೋನು ಬಂತೇ?” ಎಂದು ಕೇಳಿದಳು.

ಊರಿಂದ ಫೋನು ಬಂದಿರಲಿಲ್ಲ, ಊರೇ ಬಂದಿತ್ತು. ಕುಮಟೆಯ ಸಮೀಪದ ಹಳ್ಳಿಯಲ್ಲಿ ನಮ್ಮ ಮನೆ. ಅಡಿಕೆ, ತೆಂಗಿನ ತೋಟ. 1998ರ ಮಳೆಗಾಲ. ಕೊಂಕಣ ರೈಲು ಆಗಷ್ಟೇ ಓಡತೊಡಗಿತ್ತು. ಅಪ್ಪನಿಗೆ ಜೋರಾಗಿದೆ ಎಂದು ತಿಳಿದು ನಾವಿಬ್ಬರೂ ಆ ಹೊಸ ರೈಲು ಹಿಡಿದೇ ಊರಿಗೆ ಹೋದೆವು. ಕೊನೆಯ ಎರಡು ದಿನ ಹಾಸಿಗೆಯ ಬಳಿ ಇದ್ದವರು ನಾವೇ. ಅಣ್ಣ ಔಷಧಿಗೆ, ಡಾಕ್ಟರರಿಗೆ ಎಂದು ಓಡಾಡುತ್ತಿದ್ದ. ಅಪ್ಪ ಗಂಜಿಯ ಲೋಟ ಪಕ್ಕಕ್ಕೆ ಸರಿಸಿ, ಮೂಡುಗಡೆಯ ತೆಂಗಿನ ಹಿತ್ತಲು ತಂಗಿಗೆ ಹೋಗಲಿ ಎಂದರು. ಎರಡು ಸಲ ಹೇಳಿದರು. ಬರೆದಿಡುವ ಹೊತ್ತು ಅದಾಗಿರಲಿಲ್ಲ.

ಹದಿಮೂರನೆಯ ದಿನ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ಅಣ್ಣ, “ತೋಟ ಒಡೆಯಬಾರದು ಎಂಬುದೇ ಅಪ್ಪನ ಕೊನೆಯ ಮಾತು” ಎಂದ. ಅವನು ನಮ್ಮ ಕಡೆ ನೋಡಿದ. ತಂಗಿಯೂ ನೋಡಿದಳು. ನಾವು ಬಾಳೆಲೆಯ ತುದಿಯನ್ನು ನೋಡಿದೆವು. ಮೌನವೇ ಸಮ್ಮತಿ ಎಂದು ಹಿರಿಯರು ಹೇಳಿದ್ದಾರಲ್ಲ, ಹಾಗೆಯೇ ಆಯಿತು. ತಂಗಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದಳು. ನಮ್ಮ ಪಾಲಿನ ಬದಲಿಗೆ ಅಣ್ಣ ಕೊಟ್ಟ ಹಣದಿಂದ ಡೊಂಬಿವಲಿಯ ಫ್ಲ್ಯಾಟಿನ ಸಾಲ ತೀರಿತು. ಇದನ್ನು ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದೂ ಪ್ರಯೋಜನವಿಲ್ಲ.

ಹ್ಯೂ ಬೈಗಾಡ್ ಅಲ್ಲಿ ಇಲ್ಲದೆಯೂ ಮಾತನಾಡಿದ. ನಾವು ಅಲ್ಲಿ ಇದ್ದೂ ಮಾತನಾಡಲಿಲ್ಲ. ಯಾವುದು ದೊಡ್ಡ ತಪ್ಪು ಎಂದು ಆ ರಾತ್ರಿ ನಾವು ತೂಗಿ ನೋಡಿದೆವು. ತಕ್ಕಡಿ ನಮಗೆ ಅನುಕೂಲವಾಗಿ ವಾಲಲಿಲ್ಲ.

ಅಲ್ಲಿಯ ಕಥೆ ಮುಗಿಸಬೇಕು. ರಾಬರ್ಟ್ 1138ರಲ್ಲಿ ಸ್ಟೀಫನನನ್ನು ಬಿಟ್ಟು ತಂಗಿಯ ಪಕ್ಷಕ್ಕೆ ಬಂದ. ಮರುವರ್ಷ ಅವರಿಬ್ಬರೂ ಇಂಗ್ಲೆಂಡಿನಲ್ಲಿ ಇಳಿದರು. 1141ರ ಫೆಬ್ರವರಿಯಲ್ಲಿ ಲಿಂಕನ್ ಯುದ್ಧದಲ್ಲಿ ಸ್ಟೀಫನ್ ಸೆರೆ ಸಿಕ್ಕಿದ. ಮಟಿಲ್ಡಾಳಿಗೆ ‘ಇಂಗ್ಲಿಷರ ಒಡತಿ’ ಎಂಬ ಬಿರುದು ಬಂತು, ಕಿರೀಟ ಮಾತ್ರ ಬರಲಿಲ್ಲ. ಲಂಡನ್ನಿನ ಜನರಿಂದ ಬಿಗಿಯಾಗಿ ಹಣ ಕೇಳಿದಳು. ಜೂನ್ 24ರಂದು ಅವಳು ಊಟಕ್ಕೆ ಕೂಡುವ ಹೊತ್ತಿಗೆ ನಗರವೇ ಎದ್ದು ಓಡಿಸಿತು. ಅವಳು ಗರ್ವಿಷ್ಠೆ ಎಂದು ಆ ಕಾಲದವರು ಬರೆದರು. ಅದೇ ಬಿಗಿತನವನ್ನು ಅವಳ ತಂದೆಯಲ್ಲಿ ದೃಢತೆ ಎಂದು ಹೊಗಳಿದ್ದರು! ಸೆಪ್ಟೆಂಬರಿನಲ್ಲಿ ರಾಬರ್ಟನೇ ಸೆರೆಯಾದ. ಅವನಿಗೆ ಇವನು ಎಂದು ನವೆಂಬರಿನಲ್ಲಿ ಸೆರೆಯಾಳುಗಳ ವಿನಿಮಯವಾಯಿತು. ಆ ಮಾತುಕತೆ ಕುದುರಿಸಿದವರು ಇಬ್ಬರು ಹೆಂಡತಿಯರು, ಸ್ಟೀಫನನ ರಾಣಿ ಮತ್ತು ರಾಬರ್ಟನ ಪತ್ನಿ. ಆ ರಾಣಿಯ ಹೆಸರೂ ಮಟಿಲ್ಡಾ. ನಮ್ಮಲ್ಲಿ ಮನೆಗೊಬ್ಬಳು ಲಕ್ಷ್ಮಿ ಇದ್ದಂತೆ ಅಲ್ಲಿ ಮಟಿಲ್ಡಾ.

ಮುಂದಿನ ವರ್ಷ ಆಕ್ಸ್‌ಫರ್ಡ್ ಕೋಟೆಯಲ್ಲಿದ್ದ ಮಟಿಲ್ಡಾಳನ್ನು ಸ್ಟೀಫನ್ ಸುಮಾರು ಮೂರು ತಿಂಗಳು ಮುತ್ತಿದ. ಆಹಾರ ತೀರಿತು. ಹಿಮದ ರಾತ್ರಿಯಲ್ಲಿ ಕೆಲವೇ ಯೋಧರೊಡನೆ ಅವಳು ಹೊರಬಿದ್ದು, ಹೆಪ್ಪುಗಟ್ಟಿದ ಥೇಮ್ಸ್ ನದಿಯನ್ನು ನಡೆದೇ ದಾಟಿ, ಕೊನೆಗೆ ವಾಲಿಂಗ್‌ಫರ್ಡ್ ಕೋಟೆ ಸೇರಿದಳು. ಹಿಮದಲ್ಲಿ ಕಾಣದಿರಲು ಬಿಳಿ ಬಟ್ಟೆ ತೊಟ್ಟಿದ್ದರೆಂದು ಹೇಳುತ್ತಾರೆ.

ಆ ವಾಲಿಂಗ್‌ಫರ್ಡಿನ ಒಡೆಯ ಬ್ರಯಾನ್ ಫಿಟ್ಸ್ ಕೌಂಟ್. ಈ ಕಥೆಯಲ್ಲಿ ನಮಗೆ ತುಂಬ ಇಷ್ಟವಾದವನು, ಅಷ್ಟೇ ನಾಚಿಕೆ ಹುಟ್ಟಿಸಿದವನು. ಎಷ್ಟೋ ಭೂಮಿ ಕೈಬಿಟ್ಟರೂ ಅವನು ಪಕ್ಷ ಬದಲಾಯಿಸಲಿಲ್ಲ. ಸ್ಟೀಫನನ ತಮ್ಮನಾದ ವಿಂಚೆಸ್ಟರಿನ ಬಿಷಪ್ಪನಿಗೆ ಅವನು ಬರೆದ ಒಂದು ಕಾಗದ ಇಂದಿಗೂ ಉಳಿದಿದೆ. ಅದರ ಸಾರಾಂಶ ಇಷ್ಟು: ಹಳೆಯ ದೊರೆಯ ಮಗಳಿಗೆ ನೆರವಾಗು ಎಂದು ಅಪ್ಪಣೆ ಕೊಟ್ಟವರು ತಾವೇ, ಅದನ್ನು ಪಾಲಿಸಿದ್ದಕ್ಕೆ ಈಗ ತಪ್ಪು ಹೊರಿಸುತ್ತಿರುವವರೂ ತಾವೇ. ಉಳಿದವರೆಲ್ಲ ಗಾಳಿ ಬಂದ ಕಡೆ ತೂರಿಕೊಂಡರು. ಹ್ಯೂ ಬೈಗಾಡನೂ ಅಷ್ಟೆ. ತಾನೇ ಪಟ್ಟಕ್ಕೆ ತಂದ ಸ್ಟೀಫನ್ ಸತ್ತನೆಂಬ ಸುಳ್ಳು ಸುದ್ದಿ ಕೇಳಿ 1136ರಲ್ಲೇ ನಾರ್ವಿಚ್ ಕೋಟೆಯನ್ನು ನುಂಗಲು ನೋಡಿದ. ಮುಂದೆಯೂ ಸಲಸಲಕ್ಕೆ ಬಂಡೆದ್ದ. ಸುಳ್ಳು ಹೇಳಿ ನಮಗೆ ಉಪಕಾರ ಮಾಡಿದವನು ಸತ್ಯವಂತನಾಗಿ ನಮ್ಮ ಜೊತೆ ಉಳಿಯುತ್ತಾನೆಂಬ ಭರವಸೆ ಎಲ್ಲಿಯದು?

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವಾಗ ನೊಂದವರು ರೈತರು. ಪ್ರತಿಯೊಬ್ಬ ಪಾಳೆಯಗಾರನೂ ತನ್ನದೇ ಕೋಟೆ ಕಟ್ಟಿದ. ಕಟ್ಟಲು ಬಿಟ್ಟಿ ದುಡಿಮೆ, ಕಾಯಲು ಸುಲಿಗೆ. ಪೀಟರ್‌ಬರೋ ಮಠದ ಒಬ್ಬ ಸನ್ಯಾಸಿ ಜನರನ್ನು ಹಿಡಿದು ಹಣಕ್ಕಾಗಿ ಕೊಟ್ಟ ಹಿಂಸೆಗಳನ್ನೂ, ಉತ್ತರೂ ಬೆಳೆಯದ ಹೊಲಗಳನ್ನೂ, ಬರಿದಾದ ಹಳ್ಳಿಗಳನ್ನೂ ಬರೆದಿಟ್ಟಿದ್ದಾನೆ. ಇಂಗ್ಲೆಂಡೆಲ್ಲ ಒಂದೇ ಸಮನೆ ಹಾಗಿರಲಿಲ್ಲ ಎಂದು ಈಚಿನ ಚರಿತ್ರಕಾರರು ಹೇಳುತ್ತಾರೆ. ಇರಬಹುದು. ಸುಟ್ಟವನ ಮನೆಗೆ ಪಕ್ಕದ ಜಿಲ್ಲೆಯ ಸುಭಿಕ್ಷದಿಂದೇನು ಸಮಾಧಾನ?

ಸ್ಟೀಫನ್ ರಾಕ್ಷಸನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1152ರಲ್ಲಿ ಒಂದು ಕೋಟೆಯ ಒಡೆಯ ತನ್ನ ಐದಾರು ವರ್ಷದ ಮಗನನ್ನು ಒತ್ತೆಯಿಟ್ಟು, ಆಮೇಲೆ ಮಾತಿಗೆ ತಪ್ಪಿದ. ಮಗನನ್ನು ಗಲ್ಲಿಗೇರಿಸುವುದಾಗಿ ಬೆದರಿಸಿದರೆ, ಇನ್ನೂ ಮಕ್ಕಳನ್ನು ಹುಟ್ಟಿಸುವ ಶಕ್ತಿ ತನಗಿದೆ ಎಂದು ತಂದೆ ಹೇಳಿಕಳಿಸಿದನಂತೆ! ಸ್ಟೀಫನನಿಗೆ ಕೊಲ್ಲಲು ಮನಸ್ಸು ಬರಲಿಲ್ಲ. ಹುಲ್ಲುಕಡ್ಡಿಗಳನ್ನು ಸೈನಿಕರನ್ನಾಗಿ ಮಾಡಿಕೊಂಡು ಆ ಹುಡುಗನ ಜೊತೆ ಆಟವಾಡುತ್ತ ಕೂತ. ಆ ಹುಡುಗ ವಿಲಿಯಂ ಮಾರ್ಷಲ್, ಮುಂದೆ 1216ರಿಂದ ಎಳೆಯ ದೊರೆಯೊಬ್ಬನ ಪರವಾಗಿ ಇಂಗ್ಲೆಂಡನ್ನೇ ನಡೆಸಿದವನು. ಒಳ್ಳೆಯ ಮನುಷ್ಯರೇ ಕೆಟ್ಟ ಪಾಲುಪಟ್ಟಿ ಮಾಡುವುದುಂಟು. ನಮ್ಮ ಅಣ್ಣನೂ ಒಳ್ಳೆಯವನೇ. ಇಪ್ಪತ್ತು ವರ್ಷ ಅಪ್ಪ ಅಮ್ಮನನ್ನು ನೋಡಿಕೊಂಡವನು ಅವನು, ನಾವಲ್ಲ.

1148ರಲ್ಲಿ ಮಟಿಲ್ಡಾ ನಾರ್ಮಂಡಿಗೆ ಮರಳಿದಳು. ಹೋರಾಟ ಅವಳ ಮಗ ಹೆನ್ರಿಯ ಪಾಲಿಗೆ ಬಂತು. 1153ರಲ್ಲಿ ವಾಲಿಂಗ್‌ಫರ್ಡಿನ ಬಳಿ ಥೇಮ್ಸ್ ನದಿಯ ಎರಡು ದಡದಲ್ಲಿ ಎರಡು ಸೈನ್ಯ ನಿಂತವು. ಎರಡೂ ಕಡೆಯ ಪಾಳೆಯಗಾರರು ಇನ್ನು ಸಾಕು, ಕಾದುವುದಿಲ್ಲ ಎಂದರು. ಆಗಸ್ಟಿನಲ್ಲಿ ಸ್ಟೀಫನನ ಹಿರಿಯ ಮಗ ತೀರಿಕೊಂಡ. ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ರಾಜಿಯಾಯಿತು: ಬದುಕಿರುವವರೆಗೆ ಸ್ಟೀಫನನೇ ರಾಜ, ಆಮೇಲೆ ಹೆನ್ರಿ. ವರ್ಷ ತುಂಬುವುದರೊಳಗೆ, 1154ರ ಅಕ್ಟೋಬರ್ 25ರಂದು, ಸ್ಟೀಫನ್ ಕಣ್ಣುಮುಚ್ಚಿದ. ಇಪ್ಪತ್ತೊಂದರ ಎರಡನೆಯ ಹೆನ್ರಿ ಪಟ್ಟವೇರಿದ. ಹದಿನೆಂಟು ಹತ್ತೊಂಬತ್ತು ವರ್ಷ ನೆತ್ತರು ಹರಿದ ಮೇಲೆ ನಿಂತದ್ದು ಹಳೆಯ ದೊರೆ ಮೊದಲು ಬಯಸಿದ್ದ ಕಡೆಗೇ, ಅಂದರೆ ಮಗಳ ಸಂತಾನದಲ್ಲೇ.

ಆ ಎರಡನೆಯ ಹೆನ್ರಿಯ ಕಾಲದ 1176ರ ಒಂದು ಕಟ್ಟಳೆ ನಮ್ಮ ಮನಸ್ಸಿನಲ್ಲಿ ನಿಂತಿದೆ. ಒಬ್ಬ ಭೂಮಿವಂತ ಸತ್ತು, ಅವನ ವಾರಸುದಾರನಿಗೆ ಭೂಮಿ ದಕ್ಕದೆ ಹೋದರೆ, ನೆರೆಹೊರೆಯ ಹನ್ನೆರಡು ಜನರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳಬೇಕು: ಸತ್ತ ದಿನ ಅದು ಅವನ ಸ್ವಾಧೀನದಲ್ಲಿತ್ತೇ? ಹತ್ತಿರದ ವಾರಸುದಾರ ಯಾರು? ಬಲ್ಲವರು ಬಾಯಿ ಬಿಡಬೇಕೆಂಬುದೇ ಅದರ ತಿರುಳು. ಆ ನ್ಯಾಯಪದ್ಧತಿ ಬೆಳೆಯುತ್ತ ಬೆಳೆಯುತ್ತ ಹಡಗು ಹತ್ತಿ ನಮ್ಮ ಮುಂಬಯಿಗೂ ಬಂತು; ಇಲ್ಲಿಯ ಹೈಕೋರ್ಟು 1862ರಿಂದ ನಡೆಯುತ್ತಿದೆ. ಆದರೆ ಹೆಣ್ಣಿನ ಪಾಲಿನ ಲೆಕ್ಕ ಮಾತ್ರ ಎಲ್ಲೆಡೆಯೂ ತಡವಾಗಿಯೇ ಚುಕ್ತಾ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ 1994ರಲ್ಲೇ ಬಂದಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ನಮ್ಮ ತಂಗಿಯ ಮದುವೆ 1985ರದು. ಇಂಗ್ಲೆಂಡಿನ ಸಿಂಹಾಸನಕ್ಕೆ ತಮ್ಮನಿಗಿಂತ ಅಕ್ಕ ಹಿಂದೆ ಎಂಬ ನಿಯಮ ಹೋಗಲು 2013ರ ಕಾನೂನೇ ಬೇಕಾಯಿತು. ಮಟಿಲ್ಡಾ 1167ರಲ್ಲಿ ತೀರಿಕೊಂಡಳು. ಅವಳ ಸಮಾಧಿಯ ಮೇಲೆ ಅವಳನ್ನು ಹೆನ್ರಿಯ ಮಗಳು, ಹೆನ್ರಿಯ ಹೆಂಡತಿ, ಹೆನ್ರಿಯ ತಾಯಿ ಎಂದು ಗುರುತಿಸಿದರು. ಮೂವರು ಹೆನ್ರಿಯರ ನಡುವೆ ಅವಳ ಹೆಸರೇ ಇಲ್ಲ.

ಡೊಂಬಿವಲಿಗೆ ಮರಳಿದ ಮೇಲೆ ಒಂದು ಭಾನುವಾರ ತಂಗಿಗೆ ಫೋನು ಮಾಡಿದೆವು. ಹವೆ, ಮಂಡಿನೋವು, ಮಕ್ಕಳ ಕೆಲಸ ಎಲ್ಲ ಮುಗಿಯಿತು. ಆಮೇಲೆ, ಅಪ್ಪ ಕೊನೆಗೆ ಹೇಳಿದ್ದು ಏನೆಂದು ಇದ್ದದ್ದು ಇದ್ದಂತೆ ಹೇಳಿದೆವು. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ನನಗೆ ಗೊತ್ತಿತ್ತು” ಎಂದಳು. “ಆ ವರ್ಷ ಯುಗಾದಿಗೆ ಬಂದಾಗ ಅಪ್ಪ ನನಗೂ ಹೇಳಿದ್ದರು. ಹದಿಮೂರನೆಯ ದಿನ ನೀವು ಹೇಳುತ್ತೀರಿ ಎಂದು ಕಾದೆ.” ಹಿತ್ತಲಿನ ಮಾತೇ ಅವಳು ಎತ್ತಲಿಲ್ಲ.

ಅಣ್ಣನಿಗೂ ಕಾಗದ ಬರೆದಿದ್ದೇವೆ. ನಮಗೆ ಸಂದ ಹಣದಲ್ಲಿ ತಂಗಿಯ ಅಂಶವೆಷ್ಟೋ ಅದನ್ನು ನಾವು ಕೊಡುತ್ತೇವೆ, ಮೂಡುಗಡೆಯ ಹಿತ್ತಲಿನ ಬಗ್ಗೆ ನೀನು ಯೋಚಿಸು ಎಂದು. ಉತ್ತರ ಬಂದಿಲ್ಲ. ದೀಪಾವಳಿಗೆ ಪ್ರತಿ ವರ್ಷ ಬರುತ್ತಿದ್ದ ಫೋನೂ ಈ ಸಲ ಬರಲಿಲ್ಲ. ಮಾತನಾಡುವುದಕ್ಕೂ ಬೆಲೆಯುಂಟು, ತಡವಾಗಿ ಮಾತನಾಡುವುದಕ್ಕೆ ಬಡ್ಡಿ ಸೇರಿಸಿ ಬೆಲೆ.

ನಮ್ಮ ಸಂಘದ ಬಂಧುಗಳಲ್ಲಿ ಹಲವರ ಮನೆಯ ಕಾಗದಪತ್ರ ಇನ್ನೂ ಊರಿನ ಪೆಟ್ಟಿಗೆಯಲ್ಲೇ ಇವೆ. ಹಿರಿಯರು ಕೂತು ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಅವರ ಮನಸ್ಸಿನಲ್ಲಿರುವುದನ್ನು ಕೇಳಿ ಬರೆಸಿಕೊಳ್ಳಿ. ಬರೆಸುವ ಮೊದಲೇ ಅವರು ಹೋಗಿಬಿಟ್ಟರೆ, ಹಾಸಿಗೆಯ ಬಳಿ ಇದ್ದವರು ನೀವಾಗಿದ್ದರೆ, ಹದಿಮೂರನೆಯ ದಿನ ಬಾಳೆಲೆಯ ತುದಿ ನೋಡಬೇಡಿ.